ಹೆಸರಿಗೊಂದು ಮರ

ಟೈಲರಕ್ಕನಿಗೆ ಬೀದಿಯ ಅರ್ಧ ಜನರ ಸೊಂಟದ ಸುತ್ತಳತೆ ಬಾಯಿಪಾಠವಾಗಿತ್ತು. ಯಾರು ಈ ವರ್ಷ ಎರಡಿಂಚು ದಪ್ಪಗಾದರು, ಯಾರು ಕಾಯಿಲೆ ಬಿದ್ದು ಇಳಿದುಹೋದರು, ಯಾರ ಮನೆಯಲ್ಲಿ ಅಣ್ಣನ ಪ್ಯಾಂಟು ತಮ್ಮನಿಗೆ ಬಂತು ಎಂಬುದೆಲ್ಲ ಟೇಪು ಹಿಡಿದ ಕೈಗೆ ತಾನಾಗಿ ತಿಳಿಯುತ್ತಿತ್ತು. ತಿಳಿದದ್ದನ್ನು ಅವಳು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಜನ ಅವಳನ್ನು ನಂಬುತ್ತಿದ್ದದ್ದೂ ಅದಕ್ಕೇ. ಇಪ್ಪತ್ತಾರು ವರ್ಷಗಳಿಂದ ಅದೇ ಅಂಗಡಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಕಾಲಿನಲ್ಲಿ ತುಳಿಯುವ ಹಳೆಯ ಮೆಷಿನ್ನೊಂದು, ಮೋಟಾರಿನದೊಂದು, ಬಾಗಿಲ ಪಕ್ಕ ಗಿರಾಕಿಗಳಿಗೊಂದು ಬೆಂಚು. ಹಿಂದಿನ ಬಾಗಿಲು ತೆರೆದರೆ ಸೀದಾ ಮನೆಯ ಅಡುಗೆಕೋಣೆ.

ಗಂಡ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಮೂವತ್ತು ವರ್ಷ ಊರ ಜನರನ್ನೆಲ್ಲ ಮೇಲೆ ಕೆಳಗೆ ಸಾಗಿಸಿದವನಿಗೆ ಈಗ ಮೊಣಕಾಲು ಹಿಡಿದು ಮೂರು ಮೆಟ್ಟಿಲು ಹತ್ತುವುದೂ ಕಷ್ಟ. "ನನಗೂ ಒಂದು ಲಿಫ್ಟ್ ಹಾಕಿಸಿಕೊಡೇ" ಎಂದು ದಿನಕ್ಕೊಮ್ಮೆಯಾದರೂ ಹೇಳಿ, ತಾನೇ ನಗುತ್ತಿದ್ದ. ಮಕ್ಕಳಿರಲಿಲ್ಲ. ಟೈಲರಕ್ಕನ ತಂಗಿಯ ಮಗಳು ಕೆಲಸ ಸಿಕ್ಕಿದ ಮೇಲೆ ಇವರ ಮನೆಯಲ್ಲೇ ಇದ್ದಳು. ವಿಮಾ ಕಂಪನಿಯೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ.

ಬೀದಿಯ ಎರಡೂ ಬದಿಗೆ ಒಂದು ಕಾಲದಲ್ಲಿ ಮರಗಳಿದ್ದವು. ಒಳಚರಂಡಿಯ ದೊಡ್ಡ ಪೈಪು ಹಾಕಲು ಬಂದ ವರ್ಷ ಅವನ್ನೆಲ್ಲ ಒಂದೇ ವಾರದಲ್ಲಿ ಕಡಿದು ಲಾರಿಗೆ ತುಂಬಿದರು. ಆಮೇಲೆ ಬೀದಿ ಬೋಳುತಲೆಯಂತಾಯಿತು. ಅಂಗಡಿ ಪಡುವಣಕ್ಕೆ ಮುಖ ಮಾಡಿತ್ತು. ಮಧ್ಯಾಹ್ನ ಎರಡಾಯಿತೆಂದರೆ ಬಿಸಿಲು ಕೇಳದೆ ಹೇಳದೆ ಒಳಗೆ ನುಗ್ಗಿ, ಗೋಡೆಗೆ ನೇತುಹಾಕಿದ ಬಟ್ಟೆಗಳ ಬಣ್ಣ ತಿಂದು, ಮೆಷಿನ್ನಿನ ಕಬ್ಬಿಣವನ್ನು ಮುಟ್ಟಲಾಗದಂತೆ ಕಾಯಿಸುತ್ತಿತ್ತು. ಎದುರಿನ ಬಸ್ ನಿಲ್ದಾಣಕ್ಕೆ ಬರೀ ಒಂದು ಕಂಬ, ಕಂಬಕ್ಕೊಂದು ಬೋರ್ಡು. ಬೋರ್ಡಿನ ಗೇಣಗಲದ ನೆರಳಿನಲ್ಲಿ ಜನ ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲುವುದನ್ನು ನೋಡಿ ಟೈಲರಕ್ಕನಿಗೆ ನಗುವೂ ಬರುತ್ತಿತ್ತು, ಕರುಳೂ ಚುರ್ರೆನ್ನುತ್ತಿತ್ತು.

ಒಂದು ದಿನ ಆ ಕಂಬದ ಬುಡದಲ್ಲಿ ಬಸುರಿ ಹೆಂಗಸೊಬ್ಬಳು ಬಸ್ಸಿಗೆ ಕಾದು ಕಾದು ತಲೆಸುತ್ತಿ ಕುಸಿದಳು. ಟೈಲರಕ್ಕ ಕೈಯಲ್ಲಿದ್ದ ಕತ್ತರಿ ಬಿಸಾಡಿ ಓಡಿದಳು. ಎತ್ತಿ ಕರೆತರಲು ಆಗುವಂತಿರಲಿಲ್ಲ. ಆಂಬುಲೆನ್ಸ್ ಬರುವವರೆಗೂ ಪರದೆ ಹೊಲಿಯಲೆಂದು ತಂದಿಟ್ಟಿದ್ದ ನಾಲ್ಕು ಮೀಟರ್ ನೀಲಿ ಬಟ್ಟೆಯನ್ನು ಅವಳೂ ಗಂಡನೂ ಎರಡು ತುದಿ ಹಿಡಿದು ನೆರಳು ಮಾಡಿ ನಿಂತರು. ಮುಕ್ಕಾಲು ಗಂಟೆ. ಗಂಡ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಹಲ್ಲುಕಚ್ಚಿ ನಿಂತಿದ್ದ. ಪುಟ್ಟಿ ಅಂದು ರಜೆಯಲ್ಲಿದ್ದಳು. ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದಳು.

ಆ ಫೋಟೋ ಎರಡೇ ದಿನಕ್ಕೆ ಊರೆಲ್ಲ ತಿರುಗಿತು. ಕಾಣದವರು, ಕೇಳದವರು, "ಆ ಬೀದಿಗೆ ನಾವೇನು ಮಾಡಬಹುದು?" ಎಂದು ಕೇಳತೊಡಗಿದರು. ಆಗ ಪುಟ್ಟಿ ಊಟದ ಹೊತ್ತಿನಲ್ಲಿ ವಿಷಯ ತೆಗೆದಳು.

"ದೊಡ್ಡಮ್ಮ, ಇದಕ್ಕೆ ಕ್ರೌಡ್‌ಫಂಡಿಂಗ್ ಮಾಡೋಣ. ಒಂದು ಪೇಜ್ ಮಾಡಿ ಹಾಕಿದ್ರೆ ಇಷ್ಟ ಇರೋರೆಲ್ಲ ಸ್ವಲ್ಪ ಸ್ವಲ್ಪ ದುಡ್ಡು ಹಾಕ್ತಾರೆ. ನಲವತ್ತು ಗಿಡ ನೆಡಬಹುದು."

"ಚಂದಾ ಎತ್ತೋದು ಅಂತ ಹೇಳೇ ಮತ್ತೆ."

"ಚಂದಾ ಎತ್ತೋಕೆ ಮನೆಮನೆ ತಿರುಗಬೇಕು. ಇದಕ್ಕೆ ಕೂತಲ್ಲೇ ಕೂತ್ಕೊಂಡಿದ್ರೆ ಸಾಕು."

"ಕೂತ್ಕೊಳೋದು ನಿಮ್ಮ ದೊಡ್ಡಮ್ಮನಿಗೆ ಚೆನ್ನಾಗಿ ಬರುತ್ತೆ, ಇಪ್ಪತ್ತಾರು ವರ್ಷದ ಅನುಭವ" ಎಂದ ಗಂಡ.

ಪುಟ್ಟಿಯ ಉಪಾಯ ಚೊಕ್ಕವಾಗಿತ್ತು. ಒಬ್ಬರಿಗೆ ಒಂದು ಗಿಡ. ದುಡ್ಡು ಕೊಟ್ಟವರು ಯಾರ ಹೆಸರಿನಲ್ಲಿ ಹೇಳುತ್ತಾರೋ ಅವರ ಹೆಸರಿನ ಪಟ್ಟಿ ಆ ಗಿಡಕ್ಕೆ. ಎರಡು ವರ್ಷ, ಆರು ತಿಂಗಳಿಗೊಮ್ಮೆ, ಅವರವರ ಗಿಡದ ಫೋಟೋ ಅವರವರಿಗೆ. "ಹೆಸರಿಲ್ಲದಿದ್ರೆ ಯಾರೂ ಕೈ ಬಿಚ್ಚಲ್ಲ ದೊಡ್ಡಮ್ಮ. ಬರೀ ಗಿಡ ಅಂದ್ರೆ ಗಿಡ ಅಷ್ಟೇ. ಅಮ್ಮನ ಹೆಸರಿನ ಗಿಡ ಅಂದ್ರೆ ಕಣ್ಣಲ್ಲಿ ನೀರು ಬರುತ್ತೆ." ಪೇಜಿನ ಕೊನೆಯಲ್ಲಿ ಸಂಪರ್ಕಕ್ಕೆ ಟೈಲರಕ್ಕನ ಅಂಗಡಿಯ ವಿಳಾಸ, ಅವಳ ಫೋನ್ ನಂಬರು. ಅವಳಾದರೆ ಯಾವಾಗಲೂ ಅಂಗಡಿಯಲ್ಲೇ ಇರುತ್ತಾಳಲ್ಲ.

ಹನ್ನೊಂದು ದಿನಕ್ಕೆ ನಲವತ್ತೂ ಭರ್ತಿಯಾದವು. ಟೈಲರಕ್ಕ ದಿನಾ ಸಂಜೆ ಪುಟ್ಟಿಯ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಅಷ್ಟು ಜನ, ತನ್ನ ಅಂಗಡಿಯ ಹೊಸ್ತಿಲನ್ನೂ ತುಳಿಯದವರು, ತನ್ನ ಮೇಲೆ ಭರವಸೆ ಇಟ್ಟು ದುಡ್ಡು ಹಾಕಿದ್ದಾರೆ ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಹೆಸರಿನ ಪಟ್ಟಿಗಳನ್ನು ತಗಡಿನಲ್ಲಿ ಮಾಡಿಸಬೇಕೆಂದಿದ್ದರು. ಅವಳು ಬೇಡವೆಂದಳು. ದಪ್ಪ ಕ್ಯಾನ್ವಾಸ್ ಬಟ್ಟೆ ತಂದು, ಬಣ್ಣ ಬಿಡದ ದಾರದಲ್ಲಿ ನಲವತ್ತೂ ಪಟ್ಟಿಗಳನ್ನು ತಾನೇ ಹೊಲಿದಳು. ಹೊಲಿಯುತ್ತಾ ಹೊಲಿಯುತ್ತಾ ಅವರೆಲ್ಲ ಅವಳಿಗೆ ಪರಿಚಯದವರಾಗಿಬಿಟ್ಟರು. 'ನಮ್ಮ ಮೊದಲ ಮಗಳಿಗೆ' ಎಂದು ಒಂದು. 'ಅಜ್ಜಿಗೆ, ನೀನು ಬೈದದ್ದಕ್ಕೆಲ್ಲ ಥ್ಯಾಂಕ್ಸ್' ಎಂದು ಇನ್ನೊಂದು. ಯಾವುದೋ ಆಫೀಸಿನ ಐದನೇ ಮಹಡಿಯವರದು. ಇಪ್ಪತ್ಮೂರನೆಯದರಲ್ಲಿ ಎರಡೇ ಪದ: 'ನನ್ನ ಜೊತೆಗಾತಿಗೆ'. ಅದನ್ನು ಹೊಲಿಯುವಾಗ ಅವಳು ಅಕ್ಷರದ ಸುತ್ತ ಸಣ್ಣದೊಂದು ಅಂಚು ಹೆಚ್ಚಿಗೆ ಹಾಕಿದಳು.

ಮಳೆಗಾಲ ಶುರುವಾದ ಭಾನುವಾರ ಗಿಡ ನೆಟ್ಟರು. ಕಾಂಕ್ರೀಟು ಒಡೆದು ಗುಂಡಿ ತೋಡಿಸುವುದರಲ್ಲೇ ಬಂದ ದುಡ್ಡಿನ ಮುಕ್ಕಾಲು ಪಾಲು ಮುಗಿದಿತ್ತು. ಉಳಿದದ್ದು ಸಸಿಗೂ ಕಬ್ಬಿಣದ ಬೇಲಿಗೂ ಸರಿಹೋಯಿತು. ವಾರ್ಡ್ ಆಫೀಸಿನವರು ಬಂದು ಕೈಗೆ ಮಣ್ಣು ಮಾಡಿಕೊಂಡು ಫೋಟೋ ತೆಗೆಸಿಕೊಂಡರು. ವಾರಕ್ಕೆರಡು ಸಲ ನೀರಿನ ಟ್ಯಾಂಕರ್ ಕಳಿಸುತ್ತೇವೆಂದು ಎಲ್ಲರೆದುರು ಮಾತು ಕೊಟ್ಟರು. ಔಷಧಿ ಅಂಗಡಿಯ ಯಜಮಾನ ಎಲ್ಲರಿಗೂ ತಂಪು ಪಾನೀಯ ಹಂಚಿದ. ಟೈಲರಕ್ಕ ಅಂದು ಹೊಸ ರವಿಕೆ ತೊಟ್ಟಿದ್ದಳು. ಎಷ್ಟೋ ವರ್ಷಗಳ ಮೇಲೆ ತನಗಾಗಿ ಹೊಲಿದುಕೊಂಡದ್ದು.

ಟ್ಯಾಂಕರ್ ಎರಡು ಸಲ ಬಂತು. ವಾರಕ್ಕಲ್ಲ, ಒಟ್ಟು ಎರಡು ಸಲ.

ಮಳೆ ಇರುವಷ್ಟು ದಿನ ತೊಂದರೆ ಇರಲಿಲ್ಲ. ಆರು ತಿಂಗಳಿಗೆ ನಾಲ್ಕು ಗಿಡ ಹೋಗಿದ್ದವು, ಮೂವತ್ತಾರು ಇದ್ದವು. ಅಷ್ಟರಲ್ಲಿ ಪುಟ್ಟಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮುಂಚೆ ಫೋಟೋ ತೆಗೆಯುವುದು, ಕಳಿಸುವುದು ಎಲ್ಲವನ್ನೂ ದೊಡ್ಡಮ್ಮನಿಗೆ ಹೇಳಿಕೊಟ್ಟಳು. ಸತ್ತ ನಾಲ್ಕರ ಮಾತು ಬಂದಾಗ, "ಸದ್ಯಕ್ಕೆ ಪಕ್ಕದ್ದರ ಫೋಟೋ ಕಳಿಸಿಬಿಡು. ಬರೋ ಮಳೆಗಾಲಕ್ಕೆ ಹೊಸ ಸಸಿ ಹಾಕೋಣ. ಈಗ ಹೇಳಿದ್ರೆ ಎಲ್ಲ ನಮ್ಮ ಮೇಲೇ ಬೀಳ್ತಾರೆ" ಎಂದಳು.

"ಸುಳ್ಳಲ್ವೇನೇ ಅದು?"

"ನಾಲ್ಕೇ ನಾಲ್ಕು ದೊಡ್ಡಮ್ಮ. ಹೊಸದು ಹಾಕಿದ ಮೇಲೆ ಸುಳ್ಳು ಹೇಗಾಗುತ್ತೆ?"

ಬೇಸಿಗೆ ಬಂತು. ಮನೆಗೇ ದಿನಕ್ಕೊಂದು ಗಂಟೆ ನೀರು. ಟೈಲರಕ್ಕ ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಹಿಡಿದಿಟ್ಟು ಬೆಳಿಗ್ಗೆ ಐದಕ್ಕೇ ಬಕೆಟ್ ಹೊತ್ತು ಹೊರಡುತ್ತಿದ್ದಳು. ಗಂಡ ಹಳೆಯ ಲಿಫ್ಟಿನ ಗಾಲಿಗಳನ್ನು ಹಲಗೆಗೆ ಹೊಡೆದು ಒಂದು ತಳ್ಳುಬಂಡಿ ಮಾಡಿಕೊಟ್ಟ. ಒಂದು ಬದಿಗೆ ಹಾಕಿ ಬರುವಷ್ಟರಲ್ಲಿ ಬಿಸಿಲೇರುತ್ತಿತ್ತು. ಇನ್ನೊಂದು ಬದಿಗೆ ನೀರೇ ಉಳಿಯುತ್ತಿರಲಿಲ್ಲ. ಬೀದಿಯವರನ್ನು ಕೇಳಿದಳು. ಔಷಧಿ ಅಂಗಡಿಯ ಯಜಮಾನ, "ಅಕ್ಕಾ, ನಾನೇ ಕ್ಯಾನ್ ನೀರು ತರಿಸಿ ಕುಡೀತಿದೀನಿ" ಎಂದ. ಅದು ನಿಜವೇ ಆಗಿತ್ತು. ಮೇಲಿನ ಮನೆಯಾಕೆ ಮಾತ್ರ ಮೂಗು ಮುರಿದು, "ದುಡ್ಡು ಬಂದಿರೋದು ನಿಮಗೆ, ನೀರು ನಾವು ಹಾಕ್ಬೇಕಾ?" ಎಂದಳು. ಆ ಮಾತು ಟೈಲರಕ್ಕನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿಯಿತು. ಒಂದು ರೂಪಾಯಿಯನ್ನೂ ಅವಳು ಮುಟ್ಟಿರಲಿಲ್ಲ. ಆದರೆ ಅದನ್ನು ಯಾರ ಮುಂದೆ ಹೇಳುವುದು, ಎಷ್ಟು ಜನರ ಮುಂದೆ ಹೇಳುವುದು?

ಬೇಸಿಗೆ ಮುಗಿಯುವಷ್ಟರಲ್ಲಿ ಹದಿನೈದು ಗಿಡ ಒಣಗಿದ್ದವು. ಉಳಿದ ಇಪ್ಪತ್ತೈದರಲ್ಲಿ ಎದುರಿಗಿದ್ದ ಶಾಲೆಯ ಬದಿಯ ಹದಿಮೂರು ಚೆನ್ನಾಗಿ ಎದ್ದಿದ್ದವು. ಅದರಲ್ಲೂ ಇಪ್ಪತ್ಮೂರನೆಯದು ಅವಳ ಎದೆಯ ಎತ್ತರ ಬೆಳೆದು ಬೇಲಿಯಿಂದ ಆಚೆ ಕೈಚಾಚಿತ್ತು.

ಒಣಗಿದವುಗಳ ಬದಲಿಗೆ ಪಕ್ಕದ್ದರವನ್ನು ಸೇರಿಸಿ ಒಂದು ವರ್ಷದ ಫೋಟೋಗಳನ್ನು ಕಳಿಸಿ ಮೂರು ವಾರವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಮಣ್ಣು ತೋಡುವ ಯಂತ್ರದ ಸದ್ದು. ಟೈಲರಕ್ಕ ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಓಡಿದಳು. ಶಾಲೆಯ ಬದಿಯ ಫುಟ್‌ಪಾತನ್ನು ಉದ್ದಕ್ಕೆ ಸೀಳಿಕೊಂಡು ಬರುತ್ತಿದ್ದರು. ಕೇಬಲ್ ಹಾಕಬೇಕಂತೆ. ಆಗಲೇ ಐದು ಬೇಲಿ ಮುದುರಿ ರಸ್ತೆಗೆ ಬಿದ್ದಿದ್ದವು.

"ನಿಲ್ಸಿ! ನಿಲ್ಸೀಪ್ಪಾ! ಗಿಡ ಇದೆ ಅಲ್ಲಿ!"

ಮೇಸ್ತ್ರಿ ಒಳ್ಳೆಯ ಮನುಷ್ಯ. ಯಂತ್ರ ನಿಲ್ಲಿಸಿ, ಕೆಳಗಿಳಿದು ಬಂದು, ನಕ್ಷೆ ಬಿಚ್ಚಿ ತೋರಿಸಿದ. "ನೋಡಮ್ಮ, ನೀನೇ ನೋಡು. ನನ್ನ ನಕ್ಷೆಯಲ್ಲಿ ಇಲ್ಲಿ ಗಿಡಾನೇ ಇಲ್ಲ."

"ಕಣ್ಣೆದುರಿಗೇ ಇದೆಯಲ್ಲಪ್ಪಾ!"

"ಕಣ್ಣಿಗೆ ಕಂಡಿದ್ದಕ್ಕೆ ನಾನು ಕೆಲಸ ನಿಲ್ಸೋ ಹಾಗಿಲ್ಲಮ್ಮ. ಕಾಗದದಲ್ಲಿರಬೇಕು. ಆಫೀಸಿಗೆ ಹೋಗಿ ಒಂದು ಚೀಟಿ ತಾ, ನಾನು ಬಳಸಿಕೊಂಡು ಹೋಗ್ತೀನಿ. ಮಧ್ಯಾಹ್ನದವರೆಗೂ ಆ ತುದಿಯಲ್ಲಿ ಕೆಲಸ ಮಾಡಿಸ್ತಿರ್ತೀನಿ."

ಅವಳು ಆಟೋ ಹತ್ತಿ ವಾರ್ಡ್ ಆಫೀಸಿಗೆ ಹೋದಳು. ಎಂಜಿನಿಯರ್ ಕುರ್ಚಿ ಕೊಟ್ಟು ಕೂರಿಸಿ ನೀರು ಕೊಟ್ಟರು. ಗಿಡ ಉದ್ಯಾನ ವಿಭಾಗದವರಿಗೆ ಸೇರಿದ್ದು ಎಂದರು. ಉದ್ಯಾನದವರು ಎರಡನೇ ಮಹಡಿಯಲ್ಲಿದ್ದರು. ಅವರು, ರಸ್ತೆಯ ಅಂಚಿನ ಗಿಡ ರಸ್ತೆಯವರಿಗೆ ಸೇರಿದ್ದು, ನಮ್ಮದಾಗಬೇಕಿದ್ದರೆ ನಮ್ಮ ಪಟ್ಟಿಯಲ್ಲಿ ನಂಬರ್ ಇರಬೇಕು ಎಂದರು. ನೆಡುವ ದಿನ ಕೈಗೆ ಮಣ್ಣು ಮಾಡಿಕೊಂಡು ಫೋಟೋ ತೆಗೆಸಿಕೊಂಡಿದ್ದವರು ಇದೇ ಕೋಣೆಯವರು. ಅವಳು ಫೋನ್ ತೆಗೆದು ಆ ಫೋಟೋ ತೋರಿಸಿದಳು. ಅಲ್ಲಿದ್ದ ಗುಮಾಸ್ತ ಕನ್ನಡಕ ಹಾಕಿಕೊಂಡು ನೋಡಿ, "ಇವರು ರಿಟೈರಾದ್ರು" ಎಂದ. ಅವಳು ಮತ್ತೆ ಕೆಳಗಿಳಿದು ಎಂಜಿನಿಯರರ ಮುಂದೆ ನಿಂತಳು. ಅವರಿಗೂ ಬೇಜಾರಾಗಿತ್ತು. "ನೀವು ಹೇಳೋದೆಲ್ಲ ಸರಿ ತಾಯಿ. ಆದ್ರೆ ಆ ಚೀಟಿ ಬರೆಯೋ ಅಧಿಕಾರ ನನಗಿಲ್ಲ. ಇರೋರು ಮೀಟಿಂಗಲ್ಲಿದಾರೆ" ಎಂದರು.

ಅವಳು ಬರಿಗೈಯಲ್ಲಿ ಮರಳುವಾಗ ಮೂರೂವರೆ. ಮೇಸ್ತ್ರಿ ಮಧ್ಯಾಹ್ನದವರೆಗೆ ಕಾದಿದ್ದ, ಮಾತಿಗೆ ತಪ್ಪಿರಲಿಲ್ಲ. ಹದಿಮೂರೂ ಗಿಡಗಳನ್ನು ಬೇರುಸಮೇತ ಕಿತ್ತು ಅಂಗಡಿಯ ಬಾಗಿಲಿಗೆ ಜೋಡಿಸಿಟ್ಟು, ಹೆಸರಿನ ಪಟ್ಟಿಗಳನ್ನು ಬಿಡಿಸಿ ಬೆಂಚಿನ ಮೇಲೆ ಒಟ್ಟಿಗೆ ಮಡಿಸಿಟ್ಟಿದ್ದ. ಗಂಡ ಅವುಗಳ ಬುಡಕ್ಕೆ ಒದ್ದೆ ಗೋಣಿ ಸುತ್ತಿ, ಪಕ್ಕದಲ್ಲಿ ಮೊಣಕಾಲು ಹಿಡಿದು ಕೂತಿದ್ದ. ನೆಡಲು ಜಾಗ ಬೇಕಲ್ಲ? ಈ ಬದಿಯಲ್ಲಿ ಒಣಗಿದವುಗಳ ಗುಂಡಿಗಳನ್ನು ಅಂಗಡಿಯವರು ಆಗಲೇ ಕಾಂಕ್ರೀಟು ಹಾಕಿ ಮುಚ್ಚಿದ್ದರು. ಕೇಬಲ್ಲಿನ ಮೇಲೆ ಹೊಸ ಟೈಲ್ಸು ಹಾಕಿದ ಮೇಲೆ ಮೂರು ವರ್ಷ ಅದನ್ನು ಯಾರೂ ಒಡೆಯುವಂತಿಲ್ಲ ಎಂದು ನಿಯಮ. ಹನ್ನೆರಡು ದಿನ ಗೋಣಿ ಒದ್ದೆ ಮಾಡಿದರು. ಆಮೇಲೆ ಒದ್ದೆ ಮಾಡುವುದಕ್ಕೆ ಅರ್ಥ ಇರಲಿಲ್ಲ.

ಈ ಬದಿಯ ಹನ್ನೆರಡು ಉಳಿದಿದ್ದವಲ್ಲ, ಅವೂ ಒಂದೊಂದಾಗಿ ಹೋದವು. ಒಂದರ ಮೇಲೆ ಲಾರಿ ಹಿಂದಕ್ಕೆ ಬಂತು. ಇನ್ನೆರಡು ಗಿಡ ಅಂಗಡಿಯೊಂದರ ಬೋರ್ಡಿಗೆ ಅಡ್ಡವಾಗುತ್ತಿದ್ದವು. ಬುಡಕ್ಕೆ ಯಾರೋ ಏನೋ ಸುರಿದಿದ್ದರು, ಒಂದೇ ವಾರದಲ್ಲಿ ಎಲೆ ಸುಟ್ಟುಹೋದವು. ಕೆಲವನ್ನು ವಿದ್ಯುತ್ತಿನವರು ತಂತಿಗೆ ತಾಗೀತೆಂದು ಮುಂಚಿತವಾಗಿಯೇ ಬುಡದವರೆಗೂ ಮೊಟಕು ಮಾಡಿದರು. ಯಾರ ಮೇಲೂ ಜಗಳಕ್ಕೆ ಹೋಗುವಂತಿರಲಿಲ್ಲ. ಎಲ್ಲರೂ ಅವಳ ಗಿರಾಕಿಗಳೇ. ಒಂದೂವರೆ ವರ್ಷಕ್ಕೆ ಉಳಿದದ್ದು ಒಂದು: ಬೀದಿಯ ತುದಿಯ ಕ್ಲಿನಿಕ್ಕಿನ ನಲ್ಲಿ ಸೋರುತ್ತಿದ್ದ ಜಾಗದಲ್ಲಿದ್ದ ಒಂಬತ್ತನೆಯದು. ಅದು ಮಾತ್ರ ಯಾರ ಹಂಗೂ ಇಲ್ಲದೆ ಆಳೆತ್ತರ ಬೆಳೆದಿತ್ತು.

ಫೋಟೋ ಕಳಿಸುವ ದಿನ ಬಂತು. ಪುಟ್ಟಿಗೆ ಫೋನ್ ಮಾಡಿದರೆ, "ನಾನು ರಜೆ ಹಾಕಿ ಬರ್ತೀನಿ, ಏನಾದ್ರೂ ಮಾಡೋಣ, ಈ ಸಲ ಒಂದು ಹೇಗಾದ್ರೂ ಕಳಿಸಿಬಿಡು" ಎಂದಳು. ಅವಳ ದನಿಯಲ್ಲೂ ಅಳು ಇತ್ತು. ಟೈಲರಕ್ಕ ಪಟ್ಟಿಗಳ ಕಟ್ಟು ಹಿಡಿದು, ಗಂಡನನ್ನು ಕರೆದುಕೊಂಡು ಆ ಒಂದೇ ಗಿಡದ ಮುಂದೆ ನಿಂತಳು. ಒಂದು ಪಟ್ಟಿ ಕಟ್ಟುವುದು, ಈ ಕಡೆಯಿಂದ ಒಂದು ಫೋಟೋ. ಬಿಚ್ಚುವುದು, ಇನ್ನೊಂದು ಕಟ್ಟುವುದು, ಆ ಕಡೆಯಿಂದ ಬಗ್ಗಿ ಒಂದು. ಕ್ಲಿನಿಕ್ಕಿನ ಗೋಡೆ ಕಾಣದಿರಲೆಂದು ಗಂಡ ಹಿಂದೆ ಒಮ್ಮೆ ಬಿಳಿ, ಒಮ್ಮೆ ಬೂದು ಬಟ್ಟೆ ಹಿಡಿದ.

"ಮದುವೆ ಫೋಟೋಗೂ ನಾನು ಇಷ್ಟೊತ್ತು ನಿಂತಿರಲಿಲ್ಲ ಕಣೇ" ಎಂದ. ಅವಳು ನಗಲಿಲ್ಲ. ಅವನೂ ನಗಲಿಲ್ಲ.

ಉತ್ತರಗಳು ಬಂದವು. 'ಎಷ್ಟು ಚೆನ್ನಾಗಿ ಬೆಳೆದಿದೆ!' 'ನಿಮ್ಮ ಕೈಗುಣ!' 'ನಮ್ಮ ಮಗಳಿಗೆ ತೋರಿಸಿದೆವು, ನನ್ನ ಗಿಡ ನನ್ನ ಗಿಡ ಎಂದು ಕುಣಿದಳು.' ಮುಂದಿನದನ್ನು ಟೈಲರಕ್ಕ ಓದಲಿಲ್ಲ. ಫೋನನ್ನು ಬಟ್ಟೆ ತುಂಡುಗಳ ಬುಟ್ಟಿಯ ತಳಕ್ಕೆ ತುರುಕಿದಳು. ಅಲ್ಲಿಂದಲೂ ಅದು ಗುಂಯ್ ಗುಂಯ್ ಎನ್ನುತ್ತಲೇ ಇತ್ತು.

ಅದಾಗಿ ಇಪ್ಪತ್ತು ದಿನಕ್ಕೆ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ, ವಯಸ್ಸಾದ ಒಬ್ಬರು ಬಸ್ಸಿಳಿದು ವಿಳಾಸದ ಚೀಟಿ ನೋಡುತ್ತಾ ಅಂಗಡಿಗೆ ಬಂದರು. ಎತ್ತರದ ಆಳು, ತೊಳೆದು ತೊಳೆದು ತೆಳುವಾದ ಬಿಳಿ ಅಂಗಿ, ಹೆಗಲಿಗೊಂದು ಚೀಲ. ಚೀಲದಿಂದ ಎರಡು ಲೀಟರಿನ ನೀರಿನ ಬಾಟಲಿ ಇಣುಕುತ್ತಿತ್ತು.

"ಗಿಡದ ಅಕ್ಕ ನೀವೇ ಅಲ್ವಾ? ನಾನು ರೈಲಿನಲ್ಲಿ ಗಾರ್ಡ್ ಆಗಿದ್ದೆ. ಇಪ್ಪತ್ಮೂರನೇ ಗಿಡ ನನ್ನದು. ನನ್ನ ಜೊತೆಗಾತಿಗೆ ಅಂತ ಬರೆಸಿದ್ದೆ. ಈ ಕಡೆ ಬರೋ ಕೆಲಸ ಇತ್ತು. ಒಂದು ಸಲ ನೋಡಿ, ನೀರು ಹಾಕಿ ಹೋಗೋಣ ಅಂತ."

ಈ ಕಡೆ ಅವರಿಗೆ ಬೇರಾವ ಕೆಲಸವೂ ಇಲ್ಲವೆಂಬುದು ಅವರ ಮುಖದಲ್ಲೇ ಬರೆದಂತಿತ್ತು.

"ಬನ್ನಿ, ಕೂತ್ಕೊಳ್ಳಿ ಯಜಮಾನ್ರೇ. ಬಿಸಿಲು ಸ್ವಲ್ಪ ಇಳೀಲಿ" ಎಂದು ಬೆಂಚು ಒರೆಸಿದಳು. ಒರೆಸುತ್ತಲೇ ಒಳಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನು ಕಪಾಟಿನ ಖಾನೆಯಿಂದ ಒಂದು ಪಟ್ಟಿ ಎಳೆದು ಜೇಬಿಗೆ ಹಾಕಿಕೊಂಡು, ಹಿಂದಿನ ಬಾಗಿಲಿನಿಂದ ಕುಂಟುತ್ತಾ ಹೊರಟ.

ಕ್ಲಿನಿಕ್ಕಿಗೆ ಹೋಗಿ ಬರಲು ಅವನ ಕಾಲಿಗೆ ಕಾಲು ಗಂಟೆ ಬೇಕು. ಅಷ್ಟು ಹೊತ್ತು ಇವರನ್ನು ಕೂರಿಸಬೇಕು. ಟೈಲರಕ್ಕ ಸುತ್ತಮುತ್ತ ನೋಡಿದಳು. ಗಾರ್ಡರ ಪ್ಯಾಂಟಿನ ಒಂದು ಕಾಲಿನ ಅಂಚು ಬಿಚ್ಚಿ ನೆಲಕ್ಕೆ ತಾಗುತ್ತಿತ್ತು.

"ಕಾಲು ಇತ್ತ ಕೊಡಿ, ಎರಡು ಹೊಲಿಗೆ ಹಾಕ್ತೀನಿ. ಎಡವಿ ಬೀಳ್ತೀರಿ."

"ಅಯ್ಯೋ, ಬೇಡಮ್ಮ."

"ಸುಮ್ನಿರಿ." ಅವಳು ಸೂಜಿ ಹಿಡಿದು ಅವರ ಕಾಲ ಬಳಿ ಕೂತಳು. ಗಾರ್ಡರು ಸಂಕೋಚದಿಂದ ಮುದುಡಿಕೊಂಡು ಮಾತು ತೆಗೆದರು.

"ಈ ಅಂಚೆಲ್ಲ ಅವಳೇ ಹೊಲೀತಿದ್ದಳು. ಹೋಗಿ ಮೂರು ವರ್ಷ ಆಯ್ತು. ನಾನು ರೈಲಿನ ಕೊನೇ ಡಬ್ಬಿಯಲ್ಲಿ ಹೋಗೋನು. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರ್ತಿರಲಿಲ್ಲ. ರಿಟೈರಾದ ಮೇಲೆ ಒಟ್ಟಿಗೆ ಇರೋಣ ಅಂತಿದ್ವಿ. ಆಗಲಿಲ್ಲ." ಬಗ್ಗಿ ಅವಳ ಹೊಲಿಗೆ ನೋಡಿ ಹೇಳಿದರು: "ನೀವು ಕಳಿಸಿದ ಫೋಟೋ ದೊಡ್ಡದು ಮಾಡಿಸಿ ಅವಳ ಫೋಟೋ ಪಕ್ಕದಲ್ಲೇ ಹಾಕಿದೀನಿ. ಬಂದವರಿಗೆಲ್ಲ ತೋರಿಸ್ತೀನಿ."

ಅವಳ ಸೂಜಿ ಬೆರಳಿಗೆ ಚುಚ್ಚಿತು. ಇಪ್ಪತ್ತಾರು ವರ್ಷದಲ್ಲಿ ಹಾಗೆ ಚುಚ್ಚಿದ್ದು ನೆನಪಿರಲಿಲ್ಲ.

ಗಂಡ ಬೆವರಿಳಿಸುತ್ತಾ ಬಂದು ತಲೆಯಾಡಿಸಿದ. ಮೂವರೂ ಹೊರಟರು. ಗಿಡ ಬಿಸಿಲಲ್ಲಿ ಫಳಫಳ ಹೊಳೆಯುತ್ತಿತ್ತು. ಅಂಚು ಹೊಲಿದ ಪಟ್ಟಿ ಅದರ ಸೊಂಟಕ್ಕೆ ಬಿಗಿಯಾಗಿ ಕೂತಿತ್ತು. ಗಾರ್ಡರು ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಬಾಟಲಿಯ ಮುಚ್ಚಳ ತೆಗೆದು, ಒಂದು ಹನಿಯೂ ಆಚೀಚೆ ಚೆಲ್ಲದ ಹಾಗೆ, ಮೆಲ್ಲಗೆ ಬುಡಕ್ಕೆ ಸುರಿಯತೊಡಗಿದರು. "ಮನೆ ನಲ್ಲಿಯ ನೀರು" ಎಂದರು, ಯಾರಿಗೆಂದಲ್ಲದೆ.

ಟೈಲರಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡ ಅವಳ ಕೈ ಹಿಡಿದು ಒತ್ತಿದ, ಸುಮ್ಮನಿರು ಎಂಬಂತೆ. ಆದರೆ ಮಾತು ಅವಳ ಹಿಡಿತ ಮೀರಿತ್ತು.

"ಯಜಮಾನ್ರೇ, ನಿಲ್ಸಿ. ಇದು ನಿಮ್ಮದಲ್ಲ."

ಅವರು ತಿರುಗಿದರು. ಅವಳು ಎಲ್ಲವನ್ನೂ ಹೇಳಿದಳು. ಕೇಬಲ್ಲಿನ ಯಂತ್ರ, ಹದಿಮೂರು ಗಿಡ, ಒದ್ದೆ ಗೋಣಿ, ಒಂದೇ ಗಿಡದ ಮುಂದೆ ತೆಗೆದ ನಲವತ್ತು ಫೋಟೋ. ಹೇಳುತ್ತಾ ಹೇಳುತ್ತಾ ಅತ್ತಳು. "ತಪ್ಪಾಯ್ತು. ನಿಮ್ಮ ದುಡ್ಡು ನಾನು ತಿಂದಿಲ್ಲ. ಆಣೆ ಮಾಡಿ ಹೇಳ್ತೀನಿ."

ಗಾರ್ಡರು ಕೋಪ ಮಾಡಲಿಲ್ಲ. ಕೋಪ ಮಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಬಾಟಲಿ ನೆಟ್ಟಗೆ ಮಾಡಿ ಹಿಡಿದುಕೊಂಡು ಕೇಳಿದರು: "ಅದು ಇದ್ದ ಜಾಗ ಎಲ್ಲಿ?"

ಶಾಲೆಯ ಬದಿಗೆ ಕರೆದೊಯ್ದಳು. ಹೊಸ ಟೈಲ್ಸು, ಕೆಂಪು ಒಂದು, ಬೂದು ಒಂದು. ಇಪ್ಪತ್ಮೂರನೆಯದು ಇದ್ದ ಕಡೆ ಕೇಬಲ್ ಗುಂಡಿಗೆ ಕಬ್ಬಿಣದ ಮುಚ್ಚಳ ಕೂರಿಸಿದ್ದರು. ಅದರ ಮೇಲೆ ಯಾರದೋ ಮೋಟಾರ್ ಬೈಕು ನಿಂತಿತ್ತು. ಗಾರ್ಡರು ಬೈಕಿನ ಪಕ್ಕ ಹೋಗಿ ನಿಂತರು. ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನು ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ಬಾಟಲಿಯ ಮುಚ್ಚಳ ಹಾಕಿದರು, ತೆಗೆದರು, ಕೊನೆಗೆ ಎರಡು ಗುಟುಕು ತಾವೇ ಕುಡಿದು ಚೀಲಕ್ಕೆ ಹಾಕಿಕೊಂಡರು.

"ಎಷ್ಟು ಎತ್ತರ ಆಗಿತ್ತು?"

ಅವಳು ತನ್ನ ಎದೆಯ ಮಟ್ಟ ತೋರಿಸಿದಳು. ಅವರು ತಲೆಯಾಡಿಸಿದರು.

ಮೂವರೂ ಬಸ್ಸಿನ ಕಂಬದವರೆಗೆ ನಡೆದರು. ಬಸ್ಸು ದೂರದಲ್ಲಿ ಕಂಡಾಗ ಗಾರ್ಡರು ತಗ್ಗಿದ ದನಿಯಲ್ಲಿ ಹೇಳಿದರು: "ಅಮ್ಮಾ, ಒಂದು ಮಾತು. ಫೋಟೋ ಮಾತ್ರ ಕಳಿಸ್ತಿರಿ."

"ಯಜಮಾನ್ರೇ..."

"ನನ್ನ ಮಗಳು ದಿನಾ ಫೋನ್ ಮಾಡ್ತಾಳೆ. ಗಿಡ ಹೇಗಿದೆಯಪ್ಪಾ ಅಂತ ಕೇಳ್ತಾಳೆ. ನಮ್ಮಿಬ್ಬರ ನಡುವೆ ಮಾತಾಡೋಕೆ ಇರೋದು ಅದೊಂದೇ. ಅದೂ ಹೋಯ್ತು ಅಂತ ಹೇಗೆ ಹೇಳ್ಲಿ?" ಬಸ್ಸು ಬಂತು. ಅವರು ಹತ್ತಿದರು. ಹೊಲಿದ ಅಂಚು ಮೆಟ್ಟಿಲಿಗೆ ತಾಗಲಿಲ್ಲ. ಅವಳು ಅದನ್ನೇ ನೋಡಿದಳು, ಮುಖ ನೋಡುವ ಧೈರ್ಯ ಇರಲಿಲ್ಲ.

ನಿಜ ಹೇಳಿದರೆ ಎದೆ ಹಗುರಾಗುತ್ತದೆಂದು ಅವಳು ಅಂದುಕೊಂಡಿದ್ದಳು. ಉಲ್ಟಾ ಆಯಿತು. ಈಗ ಅವಳ ಸುಳ್ಳಿಗೆ ಇನ್ನೊಬ್ಬರು ಪಾಲುದಾರರಾಗಿದ್ದರು.

ಆ ವಾರ ಪುಟ್ಟಿ ರಜೆ ಹಾಕಿ ಬಂದಳು. ದೊಡ್ಡಮ್ಮ ಹೇಳುತ್ತಾ ಹೋದದ್ದನ್ನು ಅವಳು ಟೈಪ್ ಮಾಡಿದಳು. ನಲವತ್ತು ಸಸಿಯಲ್ಲಿ ಒಂದು ಉಳಿದಿದೆ, ನಾವು ಕಳಿಸಿದ ಫೋಟೋಗಳು ಅದರವೇ, ಕ್ಷಮಿಸಿ ಎಂದು. ಗಾರ್ಡರನ್ನು ಬಿಟ್ಟು, ಉಳಿದ ಮೂವತ್ತೊಂಬತ್ತು ಜನರಿಗೆ ಕಳಿಸಿದರು. ಒಂಬತ್ತನೆಯ ಗಿಡಕ್ಕೆ ದುಡ್ಡು ಕೊಟ್ಟವರಿಂದ ಉತ್ತರವೇ ಇಲ್ಲ. ಹತ್ತು ಮಂದಿ ಬಾಯಿಗೆ ಬಂದಂತೆ ಬರೆದರು. ನಾಲ್ಕು ಮಂದಿ 'ಪರವಾಗಿಲ್ಲ, ಮತ್ತೆ ನೆಡಿ, ನಾವಿದ್ದೇವೆ' ಎಂದರು. ಉಳಿದವರು ಓದಿ ಸುಮ್ಮನಾದರು. ಮಗಳಿಗೆ ಗಿಡ ತೋರಿಸಿ ಕುಣಿಸಿದ್ದ ತಾಯಿ ಮಾತ್ರ ಫೋನ್ ಮಾಡಿ, "ಮಗುಗೆ ಏನಂತ ಹೇಳ್ಲಿ, ನೀವೇ ಹೇಳ್ಕೊಡಿ" ಎಂದಳು. ಆ ಕಡೆಯವರು ಕಾದು ಕಾದು ಫೋನಿಟ್ಟರು.

ಮತ್ತೆ ನೆಡುವುದಕ್ಕೆ ವಾರ್ಡ್ ಆಫೀಸಿಗೆ ಅರ್ಜಿ ಕೊಟ್ಟಿದ್ದಾಳೆ. ತಿಂಗಳ ಮೊದಲ ಸೋಮವಾರ ಹೋಗುತ್ತಾಳೆ. ಎಂಜಿನಿಯರ್ ಈಗಲೂ ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ, ಆರೋಗ್ಯ ವಿಚಾರಿಸುತ್ತಾರೆ. ಅರ್ಜಿ ಮೇಲಿನ ಆಫೀಸಿಗೆ ಹೋಗಿದೆ. ಮೇಲಿನ ಆಫೀಸಿನವರು ಅಭಿಪ್ರಾಯ ಕೇಳಿ ಅದನ್ನು ಕೆಳಗಿನ ಆಫೀಸಿಗೆ ಕಳಿಸಿದ್ದಾರೆ. ಇಲ್ಲಿಗೆ ಇನ್ನೂ ಬಂದಿಲ್ಲ.

ಎರಡು ವರ್ಷ ತುಂಬಿದ ದಿನ ಅವಳು ಗಾರ್ಡರಿಗೆ ಫೋಟೋ ಕಳಿಸಿದಳು. 'ತಲುಪಿತು' ಎಂದು ಉತ್ತರ ಬಂತು. ಮೊನ್ನೆ ಬುಧವಾರ ಇನ್ನೊಂದು ಸಂದೇಶ: 'ಮಗಳು ಮುಂದಿನ ತಿಂಗಳು ಮಕ್ಕಳನ್ನು ಕರೆದುಕೊಂಡು ಬರುತ್ತಾಳಂತೆ. ಅಮ್ಮನ ಗಿಡ ನೋಡಬೇಕಂತೆ. ಬೇಡವೆಂದು ಹೇಗೆ ಹೇಳುವುದು ತಿಳಿಯುತ್ತಿಲ್ಲ. ನೀವೇನಂತೀರಿ?'

ಟೈಲರಕ್ಕ ಅದನ್ನು ಗಂಡನಿಗೆ ಓದಿ ಹೇಳಿದಳು. ಅವನು ಮೊಣಕಾಲು ನೀವಿಕೊಳ್ಳುತ್ತಾ, "ಬರ್ಲಿ ಅನ್ನು" ಎಂದ. ಒಂದು ನಿಮಿಷ ಬಿಟ್ಟು, "ಬೇಡ, ಬರೀಬೇಡ" ಎಂದ. ಆಮೇಲೆ, "ನನಗೂ ಗೊತ್ತಾಗ್ತಿಲ್ಲ ಕಣೇ" ಎಂದ.

ಐದು ಗಂಟೆಗೆ ಒಬ್ಬಾಕೆ ಬಂದು ರವಿಕೆ ಒಯ್ಯುವವಳಿದ್ದಳು. ತೋಳು ಇನ್ನೂ ಕೂರಿಸಿರಲಿಲ್ಲ. ಟೈಲರಕ್ಕ ಫೋನನ್ನು ಮೆಷಿನ್ನಿನ ಪಕ್ಕದಲ್ಲಿ, ಕಣ್ಣಿಗೆ ಕಾಣುವಂತೆಯೇ ಇಟ್ಟುಕೊಂಡು, ಹೊಲಿಯತೊಡಗಿದಳು.